ಒಪ್ಪಿ ಆಡುವ ‘ವಸ್ತು’ ಪಾತ್ರ: ಕಾಯಿಲೆಯೇ, ದೌರ್ಜನ್ಯವೇ?

ಗಂಡು ಹೆಣ್ಣಿನ ಖಾಸಗಿ ಬದುಕಿನ ಬಗ್ಗೆ ಬರುವ ಫಾರ್ವರ್ಡ್‌ಗಳಲ್ಲಿ ಎರಡು ಬಗೆಯ ಮಾತು ಕಾಣುತ್ತದೆ. ಒಂದು, ‘ಇದೆಲ್ಲ ಮಾನಸಿಕ ಕಾಯಿಲೆ’. ಇನ್ನೊಂದು, ‘ಈಗ ಇದೆಲ್ಲ ಮಾಮೂಲಿ, ಸಂಗಾತಿ ಕೇಳಿದರೆ ಒಪ್ಪಬೇಕು’. ಎರಡೂ ತಪ್ಪು. ಏಕೆಂದು ನೋಡೋಣ.

ಏನಿದು?

ಇಬ್ಬರು ವಯಸ್ಕರು ಮೊದಲೇ ಮಾತಾಡಿಕೊಂಡು, ಸ್ವಲ್ಪ ಹೊತ್ತು ಒಬ್ಬರು ಗೊಂಬೆಯಂತೆಯೋ ಪ್ರತಿಮೆಯಂತೆಯೋ ಇರುವ ರೋಲ್ ಪ್ಲೇ ಇದು. ಆ ಹೊತ್ತಿಗೆ ತೀರ್ಮಾನಗಳನ್ನು ಇನ್ನೊಬ್ಬರಿಗೆ ಬಿಟ್ಟು ಹಗುರಾಗುವುದು ಕೆಲವರಿಗೆ ಇಷ್ಟ. ಆಟ ಮುಗಿದ ಮೇಲೆ ಇಬ್ಬರೂ ಸಮಾನರು.

ಕಾಯಿಲೆಯೇ?

ಆಸಕ್ತಿ ಇದ್ದ ಮಾತ್ರಕ್ಕೆ ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ, ಅಪರೂಪದ ಲೈಂಗಿಕ ಆಸಕ್ತಿ ಬೇರೆ, ಕಾಯಿಲೆ ಬೇರೆ ಎಂದು ವಿಂಗಡಿಸಿದೆ. ಆ ಆಸಕ್ತಿಯಿಂದ ವ್ಯಕ್ತಿಗೆ ತೀವ್ರ ಸಂಕಟವಾಗುತ್ತಿದ್ದರೆ ಅಥವಾ ಇತರರಿಗೆ ಹಾನಿಯಾಗುವಂತಿದ್ದರೆ ಮಾತ್ರ ಚಿಕಿತ್ಸೆಯ ಪ್ರಶ್ನೆ ಬರುತ್ತದೆ.

ವಸ್ತುವಿನಂತೆ ಕಾಣುವುದೇ ಅವಮಾನವಲ್ಲವೇ?

ತತ್ವಜ್ಞಾನಿ ಮಾರ್ಥಾ ನಸ್‌ಬಾಮ್ 1995ರ ಪ್ರಬಂಧದಲ್ಲಿ, ಮನುಷ್ಯರನ್ನು ವಸ್ತುವಾಗಿ ಕಾಣುವ ಏಳು ಬಗೆಗಳನ್ನು ಗುರುತಿಸಿದರು. ಅದು ತಪ್ಪೋ ಅಲ್ಲವೋ ಎಂಬುದು ಬಹುಮಟ್ಟಿಗೆ ಸಂದರ್ಭದ ಮೇಲೆ, ಇಬ್ಬರ ನಡುವಿನ ಗೌರವ ಮತ್ತು ಸಮಾನತೆಯ ಮೇಲೆ ನಿಂತಿದೆ ಎಂಬುದು ಅವರ ವಾದ.

ಗೆರೆ ಎಲ್ಲಿದೆ?

ನಿಲ್ಲಿಸುವ ಹಕ್ಕಿನಲ್ಲಿ. ಗೊಂಬೆಯ ಪಾತ್ರದಲ್ಲಿ ಇರುವವರು ಮಾತಾಡುವುದಿಲ್ಲ. ಅದಕ್ಕೇ ಮೊದಲೇ ಒಂದು ಸನ್ನೆ ಗೊತ್ತುಮಾಡಿಕೊಳ್ಳಬೇಕು: ಕೈಯಲ್ಲಿರುವ ಕೀ ಗೊಂಚಲು ಕೆಳಗೆ ಬಿದ್ದರೆ ಆಟ ನಿಂತಿತು ಎಂದರ್ಥ. ನಿನ್ನೆ ಒಪ್ಪಿದ್ದು ಇವತ್ತಿಗೆ ಒಪ್ಪಿಗೆಯಲ್ಲ. ಸುಮ್ಮನಿರುವುದೂ ಒಪ್ಪಿಗೆಯಲ್ಲ. ‘ಬೇಡ ಅಂದರೆ ಸಿಟ್ಟಾಗುತ್ತಾರೆ’ ಎಂಬ ಹೆದರಿಕೆಯಿಂದ ಹೂಂ ಅಂದರೆ ಅದು ಆಟವೇ ಅಲ್ಲ.

ಕಾನೂನು ಏನು ಹೇಳುತ್ತದೆ?

ಹಾನಿಯ ಭಯದಿಂದ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 28ನೇ ಕಲಂ. ಮದುವೆಯೊಳಗೂ ಮಹಿಳೆಯ ಘನತೆಗೆ ಕುಂದು ತರುವ ಲೈಂಗಿಕ ವರ್ತನೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಖಾಸಗಿ ಕ್ಷಣದ ಫೋಟೊ ತೆಗೆಯಲು ಮಹಿಳೆ ಒಪ್ಪಿದ್ದರೂ, ಹಂಚಲು ಒಪ್ಪದಿದ್ದರೆ ಅದನ್ನು ಹಂಚುವುದು ಸಂಹಿತೆಯ 77ನೇ ಕಲಂ ಪ್ರಕಾರ ಅಪರಾಧ.

ಹಾಗಾಗಿ ಇಂಥ ಫಾರ್ವರ್ಡ್ ಬಂದಾಗ, ಅದರಲ್ಲಿ ‘ಬೇಡ’ ಎನ್ನುವ ಹಕ್ಕಿನ ಮಾತಿದೆಯೇ ಎಂದು ನೋಡಿ. ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ. ಒತ್ತಾಯಕ್ಕೆ ಸಿಲುಕಿದ ಮಹಿಳೆಯರು ಸಹಾಯವಾಣಿ 181ಕ್ಕೆ ಕರೆ ಮಾಡಬಹುದು.