ನಮ್ಮ ಬಾಲಿಕೆಯರಿಗೆ ತಕ್ಕ ಲ್ಯಾಪ್‌ಟಾಪು

ಪ್ರತಿ ವರ್ಷವೂ ಹತ್ತನೆಯ ತರಗತಿಯ ಪರೀಕ್ಷೆಯ ಫಲಿತಾಂಶವು ಪ್ರಕಟವಾದ ಬಳಿಕ ಪಾಲಕರು ನಮ್ಮ ಅಧ್ಯಾಪಕಿಯರನ್ನು ಕೇಳುವ ಪ್ರಶ್ನೆಗಳಲ್ಲಿ ಹೊಸದೊಂದು ಈಚೆಗೆ ಸೇರಿಕೊಂಡಿದೆ. ಮಗಳನ್ನು ಯಾವ ಕಾಲೇಜಿಗೆ ಕಳುಹಿಸಬೇಕು, ವಸತಿಯ ಏರ್ಪಾಡು ಹೇಗೆ ಎಂಬ ಹಳೆಯ ಪ್ರಶ್ನೆಗಳ ಜೊತೆಗೆ, "ಲ್ಯಾಪ್‌ಟಾಪ್ ಬೇಕಂತಾಳ್ರೀ ಟೀಚರ್, ಎಂಥಾದು ಕೊಡಸೂಣು?" ಎಂದು ವಿಚಾರಿಸುವವರು ಬಹುಮಂದಿ. ಪ್ರಶ್ನೆಯು ಸಣ್ಣದೆಂದು ತೋರಬಹುದು. ಆದರೆ ತೊಗರಿಯನ್ನೋ ಹತ್ತಿಯನ್ನೋ ಮಾರಿ ಬಂದ ಹಣದಲ್ಲಿ ಒಂದು ಭಾಗವನ್ನು ಹೆಣ್ಣುಮಗಳ ವಿದ್ಯೆಗೆಂದು ತೆಗೆದಿಡುವ ಮನೆಗೆ ಅದು ಸಣ್ಣ ಪ್ರಶ್ನೆಯಲ್ಲ. ಒಮ್ಮೆ ತಪ್ಪಿ ಕೊಂಡರೆ ಮತ್ತೊಮ್ಮೆ ಕೊಳ್ಳುವ ಶಕ್ತಿಯು ಅಂತಹ ಮನೆಗಳಿಗೆ ಇರುವುದಿಲ್ಲ. ಆದುದರಿಂದ ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಈ ಸ್ಮರಣ ಸಂಚಿಕೆಯ ಮೂಲಕ ಪಾಲಕರ ಮುಂದೆಯೂ ವಿದ್ಯಾರ್ಥಿನಿಯರ ಮುಂದೆಯೂ ಇಡುವುದು ಅಪ್ರಸ್ತುತವಾಗಲಾರದೆಂದು ನಂಬುತ್ತೇನೆ. ಆ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಸೀಮೆಯ ಬಹುತೇಕ ಬಾಲಿಕೆಯರಿಗೆ ಚಿಕ್ಕದಾದ, ಹಗುರವಾದ, ಸ್ವಲ್ಪ ವಿದ್ಯುತ್ತನ್ನು ಮಾತ್ರ ಬಳಸುವ ಲ್ಯಾಪ್‌ಟಾಪೇ ತಕ್ಕುದು, ಮತ್ತು ಅದು ಅವಳದೇ ಆಗಿರತಕ್ಕದ್ದು.

ಮೊಬೈಲು ಇರುವಾಗ ಇದೇತಕ್ಕೆ ಎಂದು ಕೆಲವರು ಕೇಳುತ್ತಾರೆ. ಮೊಬೈಲಿನಲ್ಲಿ ಓದಬಹುದು, ಪಾಠವನ್ನು ಕೇಳಬಹುದು, ನೋಡಬಹುದು. ಹತ್ತು ಪುಟಗಳ ಪ್ರಬಂಧವನ್ನು ಬರೆದು ತಿದ್ದುವುದಾಗಲಿ, ಲೆಕ್ಕದ ಪಟ್ಟಿಯನ್ನು ಸಿದ್ಧಪಡಿಸುವುದಾಗಲಿ ಅದರಲ್ಲಿ ಸುಲಭವಲ್ಲ. ೨೦೨೦ರಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದಾಗ ಇನ್ನೊಂದು ಸಂಗತಿಯೂ ತಿಳಿದುಬಂತು. ಮನೆಗೆ ಒಂದೇ ಮೊಬೈಲು ಇದ್ದ ಕಡೆ ಅದು ತಂದೆಯ ಜೇಬಿನಲ್ಲಿ ಹೊಲಕ್ಕೆ ಹೋಗುತ್ತಿತ್ತು. ಸಂಜೆ ಮರಳಿ ಬಂದಾಗ ಮೊದಲ ಸರದಿ ಗಂಡುಮಕ್ಕಳದಾಗುತ್ತಿತ್ತು. ೨೦೧೧ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆಯು ಶೇಕಡಾ ೫೨ರಷ್ಟು. ಹೆಂಗಸರಲ್ಲಿ ಅದು ಶೇಕಡಾ ೪೧ರಷ್ಟು ಮಾತ್ರ. ಇಂತಹ ಜಿಲ್ಲೆಯಲ್ಲಿ ಹತ್ತನೆಯ ತರಗತಿಯನ್ನು ದಾಟಿ ಮುಂದೆ ಓದಹೊರಟ ಹುಡುಗಿಗೆ ಬರೆಯುವ ಸಾಧನವೊಂದನ್ನು ಒದಗಿಸುವುದು ಭೋಗವೆನಿಸದು. ಹಿಂದೆ ಮಗುವಿನ ಕೈಗೆ ಸ್ಲೇಟು ಬಳಪಗಳನ್ನು ಕೊಟ್ಟಂತೆಯೇ ಇದೂ.

ಹಾಗಾದರೆ ದೊಡ್ಡದನ್ನೇ ಏಕೆ ಕೊಳ್ಳಬಾರದು? ಅಂಗಡಿಯವನೂ ಅದನ್ನೇ ಹೇಳುತ್ತಾನೆ. ನೆಂಟರ ಮನೆಯ ಹುಡುಗನೂ ಅದನ್ನೇ ಹೇಳುತ್ತಾನೆ. ಇಲ್ಲಿ ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬಲ್ಲ ಒಂದು ಕಥೆಯನ್ನು ನೆನೆಯುವುದು ಉಚಿತ. ಗೊಲ್ಯಾತನ ಮೇಲೆ ಯುದ್ಧಕ್ಕೆ ಹೊರಟ ದಾವೀದನಿಗೆ ಸೌಲನು ತನ್ನ ಆಯುಧಗಳನ್ನೇ ತೊಡಿಸಿದನು. ಅಭ್ಯಾಸವಿಲ್ಲದ ಆ ಭಾರವನ್ನು ಹೊತ್ತು ನಡೆಯಲಾರದೆ ದಾವೀದನು ಅವನ್ನು ಕಳಚಿಟ್ಟು, ಕವಣೆಯನ್ನೂ ಹಳ್ಳದ ಕಲ್ಲುಗಳನ್ನೂ ತೆಗೆದುಕೊಂಡು ಹೋದನು. ಸೌಲನ ಕವಚವು ಕೆಟ್ಟದ್ದೆಂದು ಯಾರೂ ಹೇಳಲಾರರು. ಅದು ದಾವೀದನ ಮೈಗೂ ಕೆಲಸಕ್ಕೂ ಹೊಂದಿರಲಿಲ್ಲ, ಅಷ್ಟೆ. ಯಂತ್ರವನ್ನು ಆರಿಸುವಾಗಲೂ ಕೇಳತಕ್ಕ ಪ್ರಶ್ನೆ ಇದೇ: ಹೊರುವವಳು ಯಾರು, ಮಾಡುವ ಕೆಲಸವೇನು, ಇರುವ ಊರು ಯಾವುದು?

ಲ್ಯಾಪ್‌ಟಾಪಿನ ಮಿದುಳೆನ್ನಬಹುದಾದ ಭಾಗಕ್ಕೆ ಪ್ರೊಸೆಸರ್ ಎಂದು ಹೆಸರು. ಅದು ಎಷ್ಟು ವಿದ್ಯುತ್ತನ್ನು ಬಳಸುವುದೆಂಬುದನ್ನು ವಾಟ್‌ಗಳಲ್ಲಿ ಹೇಳುತ್ತಾರೆ. ೨೦೨೩ರ ಆರಂಭದಲ್ಲಿ ಇಂಟೆಲ್ ಕಂಪನಿಯು ಹೊರತಂದ ಎನ್ ೧೦೦ ಎಂಬ ಪ್ರೊಸೆಸರಿಗೆ ನಿಗದಿಯಾದುದು ೬ ವಾಟ್. ನಮ್ಮ ಮನೆಗಳಲ್ಲಿ ಉರಿಯುವ ಸಾಮಾನ್ಯ ಎಲ್‌ಇಡಿ ದೀಪಕ್ಕೆ ೯ ವಾಟ್ ಬೇಕೆಂಬುದನ್ನು ನೆನೆದರೆ ಇದು ಎಷ್ಟು ಮಿತವ್ಯಯಿ ಎಂಬುದು ತಿಳಿದೀತು. ಸಾಧಾರಣ ತೆಳು ಲ್ಯಾಪ್‌ಟಾಪುಗಳ ಪ್ರೊಸೆಸರುಗಳು ೧೫ ವಾಟಿನ ಆಸುಪಾಸಿನವು. ಆಟಗಳಿಗೆಂದು ಮಾಡಿದ ದೊಡ್ಡ ಯಂತ್ರಗಳದು ೪೫ ವಾಟ್ ಮತ್ತು ಅದಕ್ಕೂ ಮೇಲು. ಪರದೆ ಮೊದಲಾದವುಗಳ ಖರ್ಚು ಬೇರೆ ಸೇರುವುದಷ್ಟೆ. ಬ್ಯಾಟರಿಯು ೩೮ ವಾಟ್-ಗಂಟೆಯದಾಗಿದ್ದು, ಇಡೀ ಯಂತ್ರವು ೮ ವಾಟ್ ಬಳಸಿದರೆ ಅದು ನಾಲ್ಕೂಮುಕ್ಕಾಲು ಗಂಟೆ ನಡೆಯುವುದು. ೧೯ ವಾಟ್ ಬಳಸಿದರೆ ಎರಡೇ ಗಂಟೆಗೆ ನಿಲ್ಲುವುದು. ಮಳೆಗಾಳಿಗೆ ಕರೆಂಟು ಹೋದ ರಾತ್ರಿ, ಮರುದಿನದ ಪರೀಕ್ಷೆಗೆ ಓದುತ್ತಿರುವ ಹುಡುಗಿಗೆ ಈ ವ್ಯತ್ಯಾಸವು ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ಊರಿನ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಬೇಸಗೆಯ ಉಷ್ಣತೆಯು ೪೦ ಡಿಗ್ರಿಯನ್ನು ಮೀರುವುದು ವಿಶೇಷವಲ್ಲ. ಆದರೆ ಅನೇಕ ತಯಾರಕರು ತಮ್ಮ ಲ್ಯಾಪ್‌ಟಾಪುಗಳನ್ನು ೩೫ ಡಿಗ್ರಿಯವರೆಗಿನ ಹವೆಯಲ್ಲಿ ಬಳಸತಕ್ಕದ್ದೆಂದು ಬರೆದಿರುತ್ತಾರೆ. ಬಳಸಿದ ವಿದ್ಯುತ್ತೆಲ್ಲವೂ ಕೊನೆಗೆ ಕಾವಾಗಿಯೇ ಹೊರಬೀಳುವುದರಿಂದ ಹೆಚ್ಚು ವಾಟಿನ ಯಂತ್ರವು ಹೆಚ್ಚು ಕಾಯುತ್ತದೆ; ಕಾದ ಪ್ರೊಸೆಸರು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಹೀಗೆ ಹೆಚ್ಚು ಹಣವನ್ನು ತೆತ್ತು ಪಡೆದ ವೇಗವು ವೈಶಾಖದ ಮಧ್ಯಾಹ್ನ ಕೈಗೆ ಸಿಕ್ಕುವುದೇ ಇಲ್ಲ. ಬ್ಯಾಟರಿಯ ಆಯುಸ್ಸನ್ನೂ ಕಾವು ತಿನ್ನುತ್ತದೆ. ಕಡಮೆ ವಾಟಿನ ಯಂತ್ರಗಳಲ್ಲಿ ಹಲವಕ್ಕೆ ಫ್ಯಾನೇ ಇರುವುದಿಲ್ಲ. ಫ್ಯಾನಿಲ್ಲದ ಯಂತ್ರವು ಗಾಳಿಯನ್ನು ಎಳೆದುಕೊಳ್ಳದಿರುವುದರಿಂದ ನಮ್ಮ ಬೀದಿಗಳ ಧೂಳೂ ಒಳಕ್ಕೆ ಅಷ್ಟಾಗಿ ಸೇರದು. ಆದರೂ ಅದನ್ನು ಹಾಸಿಗೆಯ ಮೇಲಿಟ್ಟು ನಡೆಯಿಸದೆ, ಗಟ್ಟಿಯಾದ ಹಲಗೆಯ ಮೇಲೆ ನೆರಳಿನಲ್ಲಿಟ್ಟು ನಡೆಯಿಸುವುದು ಲೇಸು.

ಇನ್ನು ತೂಕದ ಮಾತು. ಯಾದಗಿರಿಗೆ ರೈಲಿನ ಅನುಕೂಲವುಂಟು. ಸುರಪುರ ಶಹಾಪುರಗಳ ಕಡೆಯ ಹುಡುಗಿಯು ಹಳ್ಳಿಯಿಂದ ಬಸ್ಸು ಹತ್ತಿ, ಇನ್ನೊಂದು ಬಸ್ಸಿಗೆ ಬದಲಾಯಿಸಿ, ಕಲಬುರಗಿಗೋ ರಾಯಚೂರಿಗೋ ಹೋಗಬೇಕು. ಅನೇಕ ವೇಳೆ ನಿಂತೇ ಹೋಗಬೇಕು. ಪುಸ್ತಕ, ಬುತ್ತಿ, ನೀರು ಇವುಗಳ ಮೇಲೆ ಎರಡೂವರೆ ಕಿಲೋಗ್ರಾಮಿನ ಯಂತ್ರವನ್ನೂ ಅದಕ್ಕೆ ಸರಿಯಾದ ಭಾರದ ಚಾರ್ಜರನ್ನೂ ಹೊರಿಸಿದರೆ ನಾಲ್ಕು ದಿನಗಳಲ್ಲಿ ಅವಳು ಅದನ್ನು ಮನೆಯಲ್ಲಿಯೇ ಬಿಟ್ಟು ಹೋಗತೊಡಗುವಳು. ೨೦೨೩ರಲ್ಲಿ ೧೬,೪೯೯ ರೂಪಾಯಿಗೆ ಮಾರಾಟಕ್ಕೆ ಬಂದ ಜಿಯೋಬುಕ್ಕಿನ ತೂಕವು ೯೯೦ ಗ್ರಾಂ. ಎಂದರೆ ಒಂದು ಲೀಟರ್ ನೀರಿನಷ್ಟು. ಅದನ್ನೇ ಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಇಷ್ಟು ಹಗುರವಾದ ವಸ್ತುವನ್ನು ಇಷ್ಟು ಬೆಲೆಗೆ ಮಾಡುವುದು ಸಾಧ್ಯವೆಂಬುದಕ್ಕೆ ನಿದರ್ಶನವಾಗಿ ಹೇಳಿದೆ.

ಆದರೆ ಅಗ್ಗವೆಂಬುದೊಂದನ್ನೇ ನೋಡಿ ಮರುಳಾಗಕೂಡದು. ೨೦೦೭ರಲ್ಲಿ ಏಸಸ್ ಕಂಪನಿಯ ಏಳು ಅಂಗುಲದ ಈ ಪಿಸಿಯೂ, ಮರುವರ್ಷ ಇಂಟೆಲಿನ ಆಟಮ್ ಪ್ರೊಸೆಸರೂ ಬಂದಾಗ ನೆಟ್‌ಬುಕ್ ಎಂಬ ಪುಟ್ಟ ಯಂತ್ರಗಳು ಬಹು ಜನಪ್ರಿಯವಾದವು. ಕೆಲವೇ ವರ್ಷಗಳಲ್ಲಿ ಅವುಗಳ ನಿಧಾನಗತಿಗೆ ಜನರು ಬೇಸತ್ತರು. ೨೦೧೩ರ ಹೊತ್ತಿಗೆ ಅವು ಮಾರುಕಟ್ಟೆಯಿಂದ ಮರೆಯಾದವು. ನಮ್ಮ ಬೆಂಗಳೂರಿನಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಕೂಡಿ ಬಡವರಿಗಾಗಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕವನ್ನು ನಿರ್ಮಿಸಿ ೨೦೦೧ರಲ್ಲಿ ಲೋಕಕ್ಕೆ ತೋರಿಸಿದರು. ಅದರ ಉದ್ದೇಶವು ಬಹು ಘನವಾದುದಾಗಿತ್ತು. ಆದರೂ ಅದು ಎಣಿಸಿದಷ್ಟು ಮಾರಾಟವಾಗಲಿಲ್ಲ. ವಸ್ತುವು ಚಿಕ್ಕದಾಗಿ ಅಗ್ಗವಾಗಿದ್ದರೆ ಸಾಲದು, ಕೊಂಡವರ ದಿನನಿತ್ಯದ ಕೆಲಸವನ್ನು ತಡವರಿಸದೆ ಮಾಡಿಕೊಡಬೇಕು ಎಂಬ ಪಾಠವನ್ನು ನಾವು ಇವುಗಳಿಂದ ಕಲಿಯಬೇಕು.

ನಮ್ಮ ರೈತರು ಎತ್ತನ್ನು ಕೊಳ್ಳುವಾಗ ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ನಡೆಯಿಸಿ ಕಾಲು ನೋಡುತ್ತಾರೆ. ಅಂತೆಯೇ ಲ್ಯಾಪ್‌ಟಾಪಿನ ಹಲ್ಲುಗಳನ್ನೂ ನೋಡಬೇಕು. ಮೊದಲನೆಯದಾಗಿ ರ್‍ಯಾಮ್ ೮ ಜಿಬಿಗೆ ಕಡಮೆಯಿರಬಾರದು. ಹಗುರ ಯಂತ್ರಗಳಲ್ಲಿ ಬಹುವಾಗಿ ಅದನ್ನು ಬೆಸೆದೇ ಬಿಟ್ಟಿರುವುದರಿಂದ ಮುಂದೆ ಹೆಚ್ಚಿಸಲು ಆಗುವುದಿಲ್ಲ. ಎರಡನೆಯದಾಗಿ ಸಂಗ್ರಹವು ಎಸ್‌ಎಸ್‌ಡಿ ಎಂಬ ಬಗೆಯದಾಗಿ ೨೫೬ ಜಿಬಿ ಇದ್ದರೆ ಒಳ್ಳೆಯದು. ೬೪ ಜಿಬಿಯ ಇಎಂಎಂಸಿ ಉಳ್ಳ ಯಂತ್ರದಲ್ಲಿ ವಿಂಡೋಸ್ ೧೧ ತಾನೇ ಸ್ಥಳವನ್ನೆಲ್ಲ ಆಕ್ರಮಿಸಿ ಹುಡುಗಿಯ ಪಾಠಗಳಿಗೆ ಎಡೆಯಿಲ್ಲದಂತಾಗುವುದು. ಮೂರನೆಯದಾಗಿ ಯಂತ್ರಕ್ಕೆ ಇನ್ನೆಷ್ಟು ವರ್ಷ ಭದ್ರತೆಯ ಪರಿಷ್ಕರಣಗಳು ದೊರೆಯುವುವೆಂದು ಕೇಳಬೇಕು. ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದಿದೆ. ೨೦೨೧ರಿಂದೀಚಿನ ಕ್ರೋಮ್‌ಬುಕ್ಕುಗಳಿಗೆ ಹತ್ತು ವರ್ಷಗಳ ಪರಿಷ್ಕರಣವುಂಟಾದರೂ ಆ ಎಣಿಕೆಯು ನಾವು ಕೊಂಡ ದಿನದಿಂದಲ್ಲ, ಆ ಮಾದರಿಯ ಮೂಲವು ಹೊರಬಂದ ದಿನದಿಂದ ಮೊದಲಾಗುತ್ತದೆ. ನಾಲ್ಕನೆಯದಾಗಿ ಕೀಲಿಮಣೆ. ಹುಡುಗಿಯು ತಾನೇ ಅಂಗಡಿಗೆ ಹೋಗಿ ಅದರ ಮೇಲೆ ಒಂದು ಪುಟ ಬರೆದು ನೋಡಲಿ.

ಆ ಪುಟವನ್ನು ಕನ್ನಡದಲ್ಲಿಯೇ ಬರೆದು ನೋಡಲಿ ಎಂಬುದು ನನ್ನ ಆಸೆ. ೧೮೯೪ರಲ್ಲಿ ಕಿಟ್ಟೆಲ್ ಸಾಹೇಬರ ನಿಘಂಟನ್ನು ಮಂಗಳೂರಿನ ಬಾಸೆಲ್ ಮಿಷನ್ನಿನವರು ಅಚ್ಚು ಹಾಕಿಸಿದಾಗ ಕನ್ನಡದ ಒಂದೊಂದು ಅಕ್ಷರಕ್ಕೂ ಸೀಸದ ಮೊಳೆ ಬೇಕಾಗಿತ್ತು. ಇಂದು ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ಕ್ರಮದಿಂದ ಎಂತಹ ಅಗ್ಗದ ಯಂತ್ರದಲ್ಲಾದರೂ ಸರಾಗವಾಗಿ ಕನ್ನಡವನ್ನು ಬರೆಯಬಹುದು. ೧೯೯೧ರ ಮೊದಲ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಇದಕ್ಕೆ ದೊಡ್ಡ ಪ್ರೊಸೆಸರ್ ಏನೂ ಬೇಕಾಗಿಲ್ಲ.

ನನ್ನ ಮಾತಿಗೆ ಎದುರುತ್ತರವಿಲ್ಲವೆಂದಲ್ಲ. ಕಟ್ಟಡಗಳ ನಕಾಶೆಗಳನ್ನು ಬರೆಯುವ, ಚಲಚ್ಚಿತ್ರಗಳನ್ನು ಸಂಕಲನ ಮಾಡುವ, ಕೃತಕ ಬುದ್ಧಿಯ ಭಾರೀ ಲೆಕ್ಕಗಳನ್ನು ನಡೆಯಿಸುವ ವಿದ್ಯೆಗೆ ಹೊರಟವಳಿಗೆ ೬ ವಾಟಿನ ಯಂತ್ರವು ಸಾಲದು. ಅವಳ ಕಾಲೇಜಿನವರನ್ನು ಕೇಳಿ ತಕ್ಕುದನ್ನು ಕೊಡಿಸಬೇಕು. ಆದರೆ ಪಿಯುಸಿ, ಬಿಎ, ಬಿಕಾಂ, ಬಿಎಸ್‌ಸಿ, ನರ್ಸಿಂಗ್, ಬಿಎಡ್ ಓದುವವರಿಗೂ ಪ್ರೋಗ್ರಾಮಿಂಗನ್ನು ಹೊಸದಾಗಿ ಕಲಿಯುವವರಿಗೂ ಅದು ಧಾರಾಳವಾಗಿ ಸಾಕು. ಹೊಸದನ್ನು ಕೊಳ್ಳಲು ಶಕ್ತಿಯಿಲ್ಲದವರು ಕಚೇರಿಗಳಲ್ಲಿ ಬಳಸಿ ಬಿಟ್ಟ ಹಗುರ ಲ್ಯಾಪ್‌ಟಾಪನ್ನು, ವಿಂಡೋಸ್ ೧೧ ನಡೆಯುವಂತಹುದನ್ನು, ಬ್ಯಾಟರಿಯನ್ನು ಪರೀಕ್ಷಿಸಿ ರಸೀದಿಯೊಡನೆ ಕೊಳ್ಳಬಹುದು. ಹಳೆಯದಾದರೂ ನಾಚಿಕೆಪಡಬೇಕಾದ್ದಿಲ್ಲ. ಕಂತಿನ ಸಾಲಕ್ಕೆ ಸಿಕ್ಕಿ ದೊಡ್ಡದನ್ನು ತಂದು, ಕಂತು ತೀರುವ ಮೊದಲೇ ಮಗಳ ಫೀಜಿಗೆ ಹಣವಿಲ್ಲದೆ ಕೂಡುವುದೇ ನಾಚಿಕೆಯ ಸಂಗತಿ. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಇಲ್ಲಿಯೂ ಸಲ್ಲುತ್ತದೆ.

ಕೊನೆಯದಾಗಿ ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಇರುವ ಮಾತು. ಮಗಳ ಹೆಸರಿನಲ್ಲಿ ಕೊಂಡ ದೊಡ್ಡ ಪರದೆಯ ಯಂತ್ರವು ಬಹು ಬೇಗನೆ "ಮನೆಯ ಲ್ಯಾಪ್‌ಟಾಪು" ಆಗಿಬಿಡುವುದನ್ನು ನಾವು ನೋಡುತ್ತಿದ್ದೇವೆ. ಅಣ್ಣನು ಅದರಲ್ಲಿ ಆಟವಾಡುತ್ತಾನೆ. ಬಂದವರೆಲ್ಲರೂ ಕ್ರಿಕೆಟ್ಟನ್ನು ನೋಡುತ್ತಾರೆ. ಹುಡುಗಿಯು ಅಡಿಗೆಯ ಮನೆಯ ಕೆಲಸವನ್ನು ಮುಗಿಸಿ ಬರುವ ಹೊತ್ತಿಗೆ ಬ್ಯಾಟರಿಯು ಬರಿದಾಗಿರುತ್ತದೆ. ಆಟವಾಡಲು ಬಾರದ, ಚೀಲದಲ್ಲಿ ಮಡಿಸಿಟ್ಟುಕೊಂಡು ಹೋಗಬಹುದಾದ ಪುಟ್ಟ ಯಂತ್ರವನ್ನು ಬೇರೆಯವರು ಅಷ್ಟಾಗಿ ಬಯಸುವುದಿಲ್ಲ. ಇದು ಅದರ ಕೊರತೆಯೆಂದು ಅಂಗಡಿಯವರು ಹೇಳಿಯಾರು. ನನಗೆ ಇದು ಗುಣವಾಗಿ ಕಾಣುತ್ತದೆ. ಆದರೂ ಯಂತ್ರದ ಗುಣವೊಂದನ್ನೇ ನೆಚ್ಚದೆ, ತಂದೆತಾಯಿಗಳು "ಇದು ಆಕೀದು, ಆಕೀನ ಕೇಳದ ಯಾರೂ ಮುಟ್ಟಬ್ಯಾಡ್ರಿ" ಎಂದು ಮನೆಯಲ್ಲಿ ಎಲ್ಲರ ಮುಂದೆ ಒಂದು ಮಾತು ಹೇಳಬೇಕು. ಆ ಮಾತಿಗೆ ಬೆಲೆಯೇನೂ ತೆರಬೇಕಾಗಿಲ್ಲ. ಆದರೆ ಆ ಮಾತಿಲ್ಲದಿದ್ದರೆ ತೆತ್ತ ಬೆಲೆಯೆಲ್ಲ ವ್ಯರ್ಥವಾದೀತು.

ಇಷ್ಟೂ ಶಕ್ತಿಯಿಲ್ಲದ ಮನೆಗಳು ನಮ್ಮಲ್ಲಿ ಹಲವುಂಟು. ಅಂತಹ ಮನೆಗಳ ಹುಡುಗಿಯರಿಗಾಗಿ ನಮ್ಮ ಹಳೆಯ ವಿದ್ಯಾರ್ಥಿನಿಯರು ಕೂಡಿ ಕೆಲವು ಹಗುರ ಲ್ಯಾಪ್‌ಟಾಪುಗಳನ್ನು ಕೊಂಡು, ಪುಸ್ತಕಾಲಯದ ಪುಸ್ತಕಗಳಂತೆ ರಿಜಿಸ್ಟರಿನಲ್ಲಿ ಬರೆದುಕೊಂಡು, ವರ್ಷದ ಮಟ್ಟಿಗೆ ಎರವಲು ಕೊಡುವ ಪದ್ಧತಿಯನ್ನು ಆರಂಭಿಸಬಾರದೇಕೆ? ಒಂದು ದೊಡ್ಡ ಯಂತ್ರದ ಬೆಲೆಗೆ ಎರಡು ಚಿಕ್ಕ ಯಂತ್ರಗಳು ಬಂದಾವು. ಇಬ್ಬರು ಬಾಲಿಕೆಯರ ಓದು ನಿಲ್ಲದೆ ನಡೆದೀತು. ಉದ್ಯೋಗಗಳಲ್ಲಿರುವ ಸೋದರಿಯರು ಈ ಸೂಚನೆಯನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ. ಪಾಲಕರು ಹೊರುವವಳ ಹೆಗಲನ್ನು ನೋಡಿ ಯಂತ್ರವನ್ನು ಆರಿಸಲಿ; ಪಡೆದವಳು ಅದನ್ನು ಜೋಪಾನವಾಗಿ ಬಳಸಿ, ಕಲಿತು, ಕಲಿತದ್ದನ್ನು ತನ್ನ ಊರಿನ ಇನ್ನೊಬ್ಬಳಿಗೆ ಕಲಿಸಲಿ ಎಂದು ಹಾರೈಸುತ್ತೇನೆ.