ಹೆಂಗಸರ ದುಡಿಮೆಗೂ ಅಳತೆಯಿದೆ

ಹಾಲು ಕೊಡುವ ಹಸುವಿಗೆ ಮೈ ಉಳಿಸಿಕೊಳ್ಳಲು ಬೇಕಾದ ಮೇವು ಬೇರೆ, ಅದರ ಮೇಲೆ ಪ್ರತಿ ಎರಡೂವರೆ ಲೀಟರು ಹಾಲಿಗೆ ಒಂದು ಕಿಲೋ ಪಶು ಆಹಾರ ಬೇರೆ ಎಂಬ ಲೆಕ್ಕ ಬಹುತೇಕ ರೈತರಿಗೆ ಗೊತ್ತಿದೆ. ಉಳುಮೆಯ ದಿನಗಳಲ್ಲಿ ಎತ್ತಿಗೆ ಹಿಂಡಿ ಹೆಚ್ಚಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಮನೆಯಲ್ಲಿ ದಿನವಿಡೀ ಕಳೆ ಕಿತ್ತು, ಮೇವಿನ ಹೊರೆ ಹೊತ್ತು ತಂದು, ಮತ್ತೆ ಒಲೆಯ ಮುಂದೆ ಕೂರುವ ಹೆಂಗಸಿನ ಊಟಕ್ಕೆ ಇಂಥ ಲೆಕ್ಕ ಇಟ್ಟವರು ಅಪರೂಪ. ಎಲ್ಲರೂ ಉಂಡ ಮೇಲೆ ಉಳಿದದ್ದು ಆಕೆಯ ಪಾಲು. ಹೋಲಿಕೆ ಒರಟಾಯಿತೆನಿಸಿದರೆ ಓದುಗರು ಕ್ಷಮಿಸಬೇಕು.

ಹೆಂಗಸರದು ಹಗುರ ಕೆಲಸ ಎಂಬ ಮಾತು ಬರಿ ಅಂದಾಜಿನದು. ದೇಹ ಎಷ್ಟು ಶಕ್ತಿ ವ್ಯಯಿಸುತ್ತದೆ ಎಂಬುದನ್ನು ಅಳೆಯಲು ಬರುತ್ತದೆ. 1890ರ ದಶಕದಲ್ಲಿ ಅಮೆರಿಕದ ಆಟ್ವಾಟರ್ ಮತ್ತು ರೋಸಾ ಎಂಬುವರು ಮನುಷ್ಯ ಕೆಲವು ದಿನ ವಾಸಿಸಬಹುದಾದ ಮುಚ್ಚಿದ ಕೋಣೆ ಕಟ್ಟಿ, ಅವನ ಮೈಯಿಂದ ಹೊರಟ ಶಾಖವನ್ನು ಅಳೆದರು. (ಆಟ್ವಾಟರ್ ನಮ್ಮ ಕ್ಷೇತ್ರದವರೇ, ಆ ದೇಶದ ಮೊದಲ ರಾಜ್ಯ ಕೃಷಿ ಪ್ರಯೋಗ ಕೇಂದ್ರ 1875ರಲ್ಲಿ ಆರಂಭವಾದಾಗ ಅದರ ನಿರ್ದೇಶಕರಾಗಿದ್ದವರು.) 1911ರಲ್ಲಿ ಬಂದ ಡಗ್ಲಸ್ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ಕೆಲಸ ಮಾಡಬಹುದು. ಅದರಲ್ಲಿ ಹಿಡಿದ ಉಸಿರನ್ನು ಪರೀಕ್ಷಿಸಿದರೆ ಖರ್ಚಾದ ಆಮ್ಲಜನಕ ತಿಳಿಯುತ್ತದೆ. ಒಂದು ಲೀಟರು ಆಮ್ಲಜನಕಕ್ಕೆ ಸುಮಾರು 5 ಕಿಲೋಕ್ಯಾಲೊರಿ.

ಚೀಲದ ಅಳತೆ ಕೆಲವು ನಿಮಿಷಗಳದು. ಹೆಂಗಸಿನ ಕೆಲಸವಾದರೋ ಹೊಲದಲ್ಲಿ ಮುಗಿಯುವುದಿಲ್ಲ. ನೀರು, ಸೌದೆ, ಕೊಟ್ಟಿಗೆ, ಮಗು ಎಲ್ಲವೂ ಸೇರಬೇಕು. ಇದಕ್ಕೆ ತಕ್ಕ ವಿಧಾನವನ್ನು ಮನುಷ್ಯರಲ್ಲಿ ಬಳಸಿದ್ದು 1982ರಲ್ಲಿ. ಜಲಜನಕ, ಆಮ್ಲಜನಕಗಳ ಭಾರ ರೂಪಗಳಿರುವ ನೀರನ್ನು ಸ್ವಲ್ಪ ಕುಡಿಸುತ್ತಾರೆ. ಇದು ವಿಕಿರಣ ಸೂಸುವಂಥದಲ್ಲ. ಭಾರ ಜಲಜನಕ ಮೂತ್ರ, ಬೆವರುಗಳ ನೀರಾಗಿ ಹೊರಬೀಳುತ್ತದೆ. ಭಾರ ಆಮ್ಲಜನಕ ಹಾಗೂ ಹೋಗುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡಿನಲ್ಲೂ ಹೋಗುತ್ತದೆ. ಒಂದೆರಡು ವಾರ ಮೂತ್ರ ಪರೀಕ್ಷಿಸಿ ಇವೆರಡರ ವ್ಯತ್ಯಾಸ ಕಂಡುಕೊಂಡರೆ ಅಷ್ಟೂ ದಿನಗಳ ಖರ್ಚು ಸಿಗುತ್ತದೆ. ಆಕೆ ತನ್ನ ಪಾಡಿಗೆ ದುಡಿಯುತ್ತಿರಬಹುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 2020ರಲ್ಲಿ ನೀಡಿದ ಅಂಕಿಗಳನ್ನು ನೋಡಿ. 55 ಕಿಲೋ ತೂಕದ ಹೆಂಗಸು ಕುಳಿತ ಕೆಲಸದಲ್ಲಿದ್ದರೆ ದಿನಕ್ಕೆ 1,660 ಕಿಲೋಕ್ಯಾಲೊರಿ ಸಾಕು. ಭಾರಿ ದುಡಿಮೆಯಾದರೆ 2,720 ಬೇಕು. ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುವ 65 ಕಿಲೋ ಗಂಡಸಿಗೆ 2,110 ಸಾಕು. ಅಂದರೆ ಗದ್ದೆಯಲ್ಲಿ ಬೆವರು ಸುರಿಸುವ ಹೆಂಗಸಿನ ತಟ್ಟೆ ಅವನ ತಟ್ಟೆಗಿಂತ ದೊಡ್ಡದಿರಬೇಕು! ಬಸುರಿಗೆ ಇನ್ನೂ 350, ಮಗು ಹುಟ್ಟಿದ ಮೊದಲ ಆರು ತಿಂಗಳು ಹಾಲೂಡಿಸುವ ತಾಯಿಗೆ 600 ಹೆಚ್ಚಿಗೆ ಬೇಕು.

ಕ್ಯಾಲೊರಿ ಎಲ್ಲವನ್ನೂ ಹೇಳುವುದಿಲ್ಲ, ನಿಜ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವಳ ಸೊಂಟನೋವು ಆಮ್ಲಜನಕದ ಲೆಕ್ಕಕ್ಕೆ ಸಿಗದು. ನಿಂತು ದೂಡುವ ಎಡೆಕುಂಟೆಯನ್ನು ಮನೆಗೆ ತರಬೇಕಾದದ್ದು ಆ ಕಾರಣಕ್ಕೆ.

ಭಾರ ನೀರಿನ ಪರೀಕ್ಷೆ ದುಬಾರಿ, ಪ್ರಯೋಗಾಲಯಕ್ಕೆ ಸೇರಿದ್ದು. ರೈತರ ಕೈಗೆಟುಕುವ ಮಾಪಕ ತೂಕದ ಯಂತ್ರ. ಬಿತ್ತನೆಗೆ ಮುಂಚೆ ಒಮ್ಮೆ, ಕೊಯ್ಲಾದ ಮೇಲೆ ಒಮ್ಮೆ ಮನೆಯ ಹೆಂಗಸರೂ ತೂಕ ನೋಡಿಕೊಳ್ಳಲಿ. ಒಂದು ಕಿಲೋ ಇಳಿದರೂ ಸುಮಾರು 7,000 ಕಿಲೋಕ್ಯಾಲೊರಿ ಮೈಯಿಂದಲೇ ಕರಗಿದೆ ಎಂದು ತಿಳಿಯಬಹುದು. ಕುಳಿತ ಕೆಲಸಕ್ಕೂ ಭಾರಿ ಕೆಲಸಕ್ಕೂ ಇರುವ ಅಂತರ 1,060. ರಾಗಿ ಹಿಟ್ಟಿನ ಲೆಕ್ಕದಲ್ಲಿ ದಿನಕ್ಕೆ ಸುಮಾರು 330 ಗ್ರಾಂ. ಬರಿ ರಾಗಿಯಲ್ಲ, ಬೇಳೆ, ಸೊಪ್ಪು, ಎಣ್ಣೆಯೂ ಅದರಲ್ಲಿ ಸೇರಲಿ. ಕಣದಲ್ಲಿ ಮನೆಖರ್ಚಿಗೆಂದು ಅಳೆದಿಡುವಾಗ, ನೂರು ದಿನ ಹೊಲಕ್ಕಿಳಿಯುವ ಪ್ರತಿ ಹೆಂಗಸಿನ ಲೆಕ್ಕದಲ್ಲಿ 33 ಕಿಲೋ ಹೆಚ್ಚು ಎತ್ತಿಡುವುದು ಯಾವ ರೈತನಿಗೂ ಆಗದ ಕೆಲಸವಲ್ಲ.