ಹಳೆಯ ಫೋರ್ಡಿನ ಜಾತಕ

ಅಮೆರಿಕದ ಯಾವುದೋ ಹಳ್ಳಿಯ ಕೊಟ್ಟಿಗೆಯಲ್ಲಿ ಧೂಳು ಹೊದ್ದು ನಿಂತಿರುವ ಫೋರ್ಡ್ ‘ಟಿ’ ಮಾದರಿಯ ಮೋಟಾರೊಂದನ್ನು ಕೊಳ್ಳಲು ಒಬ್ಬಾತ ಬಂದನೆನ್ನೋಣ. ಅದು 1914ರ ಗಾಡಿಯೆಂದು ಮಾರುವವನು ಹೇಳುತ್ತಾನೆ. ತನ್ನ ತಾತ ಹೊಸದಾಗಿ ಕೊಂಡದ್ದೆಂದು ಆಣೆಯನ್ನೂ ಇಡುತ್ತಾನೆ. ಎಂಜಿನ್ನಿನಲ್ಲಿ, ನೀರು ಒಳಹೋಗುವ ಬಾಯಿಯ ಮೇಲ್ಗಡೆ, ಒತ್ತಿರುವ ಸಂಖ್ಯೆಯೂ ಅದೇ ವರ್ಷವನ್ನು ಸಾರುತ್ತದೆ. ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕೆ?

ಬೇಕು. ಈ ಗಾಡಿಗೆ ಬಹುಕಾಲ ಎಂಜಿನ್ನಿನ ಸಂಖ್ಯೆಯೇ ಮುಖ್ಯ ಗುರುತಾಗಿತ್ತು. ಚೌಕಟ್ಟಿನ ಮೇಲೂ ಅದನ್ನು ಒತ್ತುವ ಪದ್ಧತಿ ಬಂದುದು ತೀರ ಕೊನೆಯ ವರ್ಷಗಳಲ್ಲಿ. ಬ್ಲಾಕು ಬಿರುಕು ಬಿಟ್ಟರೆ ಸಂಖ್ಯೆಯಿಲ್ಲದ ಹೊಸ ಬ್ಲಾಕನ್ನು ತರಿಸಿ, ಸರ್ಕಾರದ ದಾಖಲೆಗೆ ಹೊಂದುವಂತೆ ಹಳೆಯ ಸಂಖ್ಯೆಯನ್ನೇ ಅದರ ಮೇಲೆ ಒತ್ತುತ್ತಿದ್ದರು. ಅದರಲ್ಲಿ ಕಪಟವೇನೂ ಇರಲಿಲ್ಲ. ಗಾಡಿಗಳ ತಯಾರಿಕೆ 1927ರಲ್ಲಿಯೇ ನಿಂತರೂ ಎಂಜಿನ್ನುಗಳ ತಯಾರಿಕೆ 1941ರ ಆಗಸ್ಟ್ 4ರವರೆಗೆ ನಡೆಯಿತು. ಆ ಅವಧಿಯಲ್ಲಿ ಹೊರಬಂದವು ಸುಮಾರು 1,70,000. ಒಂದೂವರೆ ಕೋಟಿ ಗಾಡಿಗಳನ್ನು ಮಾರಿದವರಿಗೆ ಆ ಹೊರೆ ತಪ್ಪುವುದುಂಟೆ!

ಆದಕಾರಣ ಬಲ್ಲವನು ಸಂಖ್ಯೆಯೊಂದನ್ನೇ ನಂಬಿ ಕೂಡುವುದಿಲ್ಲ. ಬ್ಲಾಕಿನ ಪಕ್ಕದಲ್ಲಿ ಮೆತ್ತಿದ ಜಿಡ್ಡನ್ನು ಕೆರೆದು ಎರಕದ ದಿನಾಂಕವನ್ನು ಹುಡುಕುತ್ತಾನೆ. ಸಂಖ್ಯೆಯನ್ನು ಉಳಿಯಿಂದ ಒತ್ತಿರುವುದರಿಂದ ಅದು ತಗ್ಗು; ದಿನಾಂಕ ಅಚ್ಚಿನೊಳಗೇ ಮೂಡಿದುದರಿಂದ ಉಬ್ಬು. ಮೊದಲು ತಿಂಗಳು, ಆಮೇಲೆ ದಿನ, ಕೊನೆಗೆ ವರ್ಷ. ಎರಕವು ಜೋಡಣೆಗಿಂತ ಕೆಲವು ದಿನ ಹಿಂದಿನದಾಗಿರುವುದು ಸಹಜ. ಅದು ಮುಂದಿನದಾಗಿದ್ದರೆ ಮಾತ್ರ ಸಂಖ್ಯೆ ಬೇರೆಡೆಯಿಂದ ಬಂದುದೆಂದೇ ಅರ್ಥ.

ದಿನಾಂಕ ಸವೆದುಹೋಗಿದ್ದರೂ ಬ್ಲಾಕಿನ ರೂಪ ಮಾತನಾಡುತ್ತದೆ. ಮೊದಲ 2,500 ಎಂಜಿನ್ನುಗಳಿಗೆ ನೀರಿನ ಪಂಪಿತ್ತು. ಅನಂತರ ಕಾದ ನೀರು ತಾನಾಗಿ ಮೇಲೇರಿ ಸುತ್ತುವ ಏರ್ಪಾಡು ಬಂದಿತು. 1911ಕ್ಕೆ ಮುಂಚೆ ಕವಾಟಗಳು ಬಯಲಿಗೇ ಕಾಣುತ್ತಿದ್ದವು. ಬಳಿಕ ಎರಡು ಮುಚ್ಚಳಗಳು ಬಂದವು. 1922ರಲ್ಲಿ ಅವೆರಡೂ ಸೇರಿ ಒಂದಾದವು. 1926ರ ಮಾದರಿಯಿಂದ ಬ್ಲಾಕಿನ ಹಿಂಬದಿಯಲ್ಲಿ ಗೇರುಪೆಟ್ಟಿಗೆಯ ಮೇಲ್ಕವಚವನ್ನು ಬಿಗಿಯಲು ತಿರುಪುರಂಧ್ರಗಳುಳ್ಳ ಉಬ್ಬುಗಳು ಕಾಣಿಸಿಕೊಂಡವು.

ನಮ್ಮ ಗ್ರಾಹಕ ಬಗ್ಗಿ ನೋಡುತ್ತಾನೆ. ಹಿಂಬದಿಯಲ್ಲಿ ಉಬ್ಬಿಲ್ಲ, ಆದರೆ ಕವಾಟಗಳಿಗೆ ಮುಚ್ಚಳ ಒಂದೇ! ಜಿಡ್ಡಿನ ಕೆಳಗಿನಿಂದ 1924ರ ದಿನಾಂಕ ಹೊರಬೀಳುತ್ತದೆ. ಮಾರುವವನ ಮುಖ ಬಾಡುತ್ತದೆ. ಪಾಪ, ಅವನ ಆಣೆ ಸುಳ್ಳಾಗಬೇಕಿಲ್ಲ. ತಾತ 1914ರಲ್ಲಿ ಕೊಂಡಿರಬಹುದು, ಹತ್ತು ವರ್ಷ ಹೊಲದ ದಾರಿಯಲ್ಲಿ ಓಡಿಸಿ, ಒಂದು ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಬ್ಲಾಕು ಸೀಳಿದಾಗ ಹೊಸದನ್ನು ಹಾಕಿಸಿರಬಹುದು. ಗ್ರಾಹಕ ಚೌಕಟ್ಟನ್ನೂ ಮುಂದಿನ ಅಚ್ಚನ್ನೂ ಮತ್ತೊಮ್ಮೆ ಪರೀಕ್ಷಿಸಿ, ಬೆಲೆಯಲ್ಲಿ ಒಂದಿಷ್ಟನ್ನು ಇಳಿಸಿ, ರಸೀತಿಯಲ್ಲಿ ‘ಬದಲಿ ಎಂಜಿನ್ನು’ ಎಂದು ಬರೆಸಿಕೊಂಡು ಗಾಡಿಯನ್ನು ಮನೆಗೆ ಎಳೆಸಿಕೊಂಡು ಹೋಗುತ್ತಾನೆ.